ಜಿಮ್ ರೀವ್ಸ್ ಈಗ ಎಲ್ಲಿದ್ದಾರೆ ಎಂದು ಕೇಳಿದ್ದಿರಲ್ಲ, ಅಪ್ಪ

ನ್ಯಾಶ್‌ವಿಲ್, ಟೆನ್ನೆಸ್ಸಿ
ಅಕ್ಟೋಬರ್ 19, ಭಾನುವಾರ

ತೀರ್ಥರೂಪು ಅಪ್ಪನವರಿಗೆ, ಮಾತೃಶ್ರೀ ಅಮ್ಮನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು. (ಏಳನೇ ಕ್ಲಾಸಿನಲ್ಲಿ ಪತ್ರಲೇಖನಕ್ಕೆ ಹತ್ತಕ್ಕೆ ನಾಲ್ಕು ತಂದಾಗ ನೀವು ಕೂರಿಸಿ ಕಲಿಸಿದ ಒಕ್ಕಣೆ. ಮರೆತಿಲ್ಲ ನೋಡಿ.)

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೋದ ವಾರ ನಾನು "ಸ್ಟುಡಿಯೋಗೆ ಹೋಗಿದ್ದೆ" ಅಂದರೆ ನಿಮಗೆ "ಸುದ್ದಿ" ಅಂತ ಕೇಳಿಸಿ, "ಏನು ಸುದ್ದಿ, ಯಾರಿಗೇನಾಯ್ತು?" ಎಂದು ಗಾಬರಿಯಾದಿರಿ. ಆಮೇಲೆ ಅಮ್ಮ ಫೋನು ಕಿತ್ತುಕೊಂಡಳು. ಕಾಗದ ಓದೋದಕ್ಕೆ ಕಿವಿ ಬೇಡ. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ನಿಧಾನಕ್ಕೆ ಓದಿ.

ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಅಮೆರಿಕದ ಹಾಡುಗಾರ ಜಿಮ್ ರೀವ್ಸ್ ಈಗ ಇಲ್ಲ ಅಪ್ಪ. 1964ರ ಜುಲೈ 31ರಂದೇ ತೀರಿಕೊಂಡರು. ಎಸ್ಟೇಟ್ ಮ್ಯಾನೇಜರ ಬಂಗಲೆಯ ಜಗಲಿಯಲ್ಲಿ ನಿಂತು ನೀವು ಮೊದಲ ಸಲ ಆ ಕಂಠ ಕೇಳಿದಿರಲ್ಲ, ಆಮೇಲೆ ಬೋನಸ್ ದುಡ್ಡಿನಲ್ಲಿ ಆ ಕ್ಯಾಸೆಟ್ ತಂದಿರಲ್ಲ, ಆಗಲೇ ಅವರು ಹೋಗಿ ಹತ್ತೊಂಬತ್ತು ವರ್ಷ ಆಗಿತ್ತು. ಕವರಿನ ಮೇಲೆ ಕೋಟು ಹಾಕಿಕೊಂಡು ನಗುತ್ತಿದ್ದ ಮನುಷ್ಯನನ್ನು ನೋಡಿ ನಾವೆಲ್ಲ "ಈಗ ವಯಸ್ಸಾಗಿರಬಹುದು" ಅಂತ ಮಾತಾಡಿಕೊಳ್ಳುತ್ತಿದ್ದೆವು. ಅವರಿಗೆ ವಯಸ್ಸೇ ಆಗಲಿಲ್ಲ. ನಲವತ್ತೊಂದು ತುಂಬೋದಕ್ಕೆ ಮೂರು ವಾರ ಬಾಕಿಯಿತ್ತು.

ನನಗೂ ಗೊತ್ತಿರಲಿಲ್ಲ. ಇಲ್ಲಿನ ಹಳ್ಳಿ ಹಾಡಿಗೆ ಕಂಟ್ರಿ ಮ್ಯೂಸಿಕ್ ಎನ್ನುತ್ತಾರೆ, ಅದರದ್ದೇ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಅಂತ ದೊಡ್ಡ ಮ್ಯೂಸಿಯಂ ಇದೆ. ಒಂದು ದುಂಡನೆಯ ಕೋಣೆಯ ಗೋಡೆ ತುಂಬ ಕಂಚಿನ ಫಲಕಗಳು, ಒಬ್ಬೊಬ್ಬ ಗಾಯಕರದ್ದೂ ಮುಖ ಕೆತ್ತಿದ್ದಾರೆ. ನಿಮಗೆ ಫೋಟೋ ಕಳಿಸೋಣ ಎಂದು ಹುಡುಕುತ್ತ ಹೋದೆ. ಇಸವಿ ನೋಡಿದ ಮೇಲೆ ಫೋಟೋ ತೆಗೆಯೋದು ಮರೆತೇ ಹೋಯಿತು.

ಈಗ ಮೊದಲಿಂದ ಹೇಳುತ್ತೇನೆ. ಹುಟ್ಟಿದ್ದು 1923ರಲ್ಲಿ, ಟೆಕ್ಸಾಸಿನ ಗ್ಯಾಲೋವೇ ಎಂಬ ಹಳ್ಳಿಯಲ್ಲಿ. ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಹೊಲದ ಕೆಲಸ, ದೊಡ್ಡ ಸಂಸಾರ. ಅವರಿಗೆ ಹಾಡುಗಾರ ಆಗಬೇಕು ಅಂತ ಇರಲೇ ಇಲ್ಲ, ಬೇಸ್‌ಬಾಲ್ ಆಡಬೇಕು ಅಂತಿತ್ತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಕೆಳಗಿನ ದರ್ಜೆಯ ತಂಡಗಳಲ್ಲಿ ಚೆಂಡೆಸೆಯುತ್ತಿದ್ದರು. ಕಾಲಿನ ನರಕ್ಕೆ ಪೆಟ್ಟಾಗಿ ಅದು ಅಲ್ಲಿಗೇ ಮುಗಿಯಿತು. ಹೊಟ್ಟೆಪಾಡಿಗೆ ಸಿಕ್ಕಿದ್ದು ರೇಡಿಯೋ ಅನೌನ್ಸರ್ ಕೆಲಸ. ಹವಾಮಾನ, ಜಾಹೀರಾತು, ಮುಂದಿನ ಹಾಡು ಯಾವುದು ಅಂತ ಹೇಳೋದು. ಲೂಯಿಸಿಯಾನಾದ ಶ್ರೀವ್‌ಪೋರ್ಟ್ ಊರಿನ ರೇಡಿಯೋದಲ್ಲಿ 'ಲೂಯಿಸಿಯಾನಾ ಹೇರೈಡ್' ಎಂಬ ಶನಿವಾರದ ಸಂಗೀತ ಕಾರ್ಯಕ್ರಮ ಬರುತ್ತಿತ್ತು. ಬೇರೆಯವರ ಹೆಸರು ಕೂಗುತ್ತ ಕೂಗುತ್ತ ಅಲ್ಲೇ ತಾವೂ ಹಾಡಲು ಶುರುಮಾಡಿದರು.

ಅನೌನ್ಸರ್ ಆಗಿದ್ದರು ಅನ್ನೋದನ್ನು ನೆನಪಿಟ್ಟುಕೊಳ್ಳಿ ಅಪ್ಪ. ನಿಮಗೆ ಅವರ ಹಾಡಿನ ಅರ್ಥ ಪೂರ್ತಿ ಆಗದಿದ್ದರೂ ಒಂದೊಂದು ಪದವೂ ಬಿಡಿಸಿಟ್ಟ ಹಾಗೆ ಕೇಳುತ್ತಿತ್ತಲ್ಲ, "ಇವನ ಇಂಗ್ಲಿಷು ನಮ್ಮ ಮ್ಯಾನೇಜರದ್ದಕ್ಕಿಂತ ವಾಸಿ" ಎನ್ನುತ್ತಿದ್ದಿರಲ್ಲ, ಅದು ಅಲ್ಲಿಂದ ಬಂದಿದ್ದಿರಬೇಕು.

1953ರಲ್ಲಿ 'ಮೆಕ್ಸಿಕನ್ ಜೋ' ಎಂಬ ಹಾಡು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮೊನ್ನೆ ಅದನ್ನು ಹುಡುಕಿ ಕೇಳಿದೆ. ನೀವು ಕೇಳಿದರೆ "ಇದು ನಮ್ಮ ರೀವ್ಸ್ ಅಲ್ಲ" ಎನ್ನುತ್ತೀರಿ. ಗಟ್ಟಿ ಗಂಟಲು, ಮೇಲಿನ ಶ್ರುತಿ, ಕುಣಿಯುವ ಹಾಡು. ಆಗ ಎಲ್ಲರೂ ಹಾಗೇ ಹಾಡುತ್ತಿದ್ದರಂತೆ. ಕುಡಿಯುವವರ ಗದ್ದಲ, ಕುಣಿಯುವವರ ಕಾಲ ಸದ್ದು ದಾಟಿ ಹಿಂದಿನ ಬೆಂಚಿಗೆ ಮುಟ್ಟಬೇಕಲ್ಲ. ಮೈಕು ಬರುವ ಮುಂಚೆ ನಮ್ಮ ಭಾಗವತರು ಇಡೀ ಬಯಲಿಗೆ ಕೇಳುವ ಹಾಗೆ ಹಾಡುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದದ್ದು ನೆನಪಾಯಿತು.

ಮೆಲುದನಿ ಆಮೇಲೆ ಬಂದದ್ದು. ನಾನು ಇಷ್ಟು ವರ್ಷ ಅದು ಅವರ ಹುಟ್ಟುಗಂಠ ಅಂದುಕೊಂಡಿದ್ದೆ. 1955ರಲ್ಲಿ ಆರ್‌ಸಿಎ ರೆಕಾರ್ಡ್ ಕಂಪನಿ ಸೇರಿದರು, ಅದೇ ವರ್ಷ ಇಲ್ಲಿನ 'ಗ್ರ್ಯಾಂಡ್ ಓಲ್ ಓಪ್ರಿ'ಗೂ ಬಂದರು. ಅದು 1925ರಿಂದ ನಡೆದುಕೊಂಡು ಬಂದಿರುವ ರೇಡಿಯೋ ಸಂಗೀತ ಸಭೆ, ಅಲ್ಲಿ ಸೇರಿಸಿಕೊಂಡರೆ ಗಾಯಕನ ಜನ್ಮ ಸಾರ್ಥಕ ಎಂದು ಲೆಕ್ಕ. ಎರಡು ವರ್ಷದ ಮೇಲೆ 'ಫೋರ್ ವಾಲ್ಸ್' ಎಂಬ ಹಾಡು ಅವರ ಕೈಗೆ ಬಂತು. ಹಾಡಿಸುವವರು ಚೆಟ್ ಆಟ್ಕಿನ್ಸ್, ಗಿಟಾರಿನಲ್ಲಿ ದೊಡ್ಡ ಹೆಸರು. ಅವರು ಇದು ಹೆಂಗಸರು ಹಾಡುವ ಹಾಡು, ನಿನಗೆ ಬೇಡ ಎಂದರಂತೆ. ರೀವ್ಸ್ ಬಿಡಲಿಲ್ಲ. ಶ್ರುತಿ ಕೆಳಗಿಳಿಸಿದರು, ತುಟಿ ತಾಗುವಷ್ಟು ಮೈಕಿಗೆ ಹತ್ತಿರ ಬಂದರು, ಪಕ್ಕದಲ್ಲಿ ಕೂತವರ ಜತೆ ಮಾತಾಡುವ ಹಾಗೆ ಹಾಡಿದರು. ಕಂಠ ಅದೇ, ಮೈಕಿಗೂ ಬಾಯಿಗೂ ನಡುವಿನ ದೂರ ಮಾತ್ರ ಬೇರೆ. ಅಮ್ಮ, ಪಿ.ಬಿ. ಶ್ರೀನಿವಾಸ್ ಕಂಠ ಬಂದರೆ ನೀನು ಒಲೆ ಸಣ್ಣ ಮಾಡಿ ನಿಲ್ಲುತ್ತಿದ್ದೆಯಲ್ಲ, ಅದೇ ಬಗೆ. ಕೂಗದೆ ಹಾಡುವುದಕ್ಕೆ ಎಷ್ಟು ಉಸಿರು ಬೇಕು ಅಂತ ನಿನಗೇ ಗೊತ್ತು.

ಅಪ್ಪ, ನಿಮ್ಮ ಹಾಡು, ಆ ಟೆಲಿಫೋನಿನ ಹಾಡು, 'ಹೀ'ಲ್ ಹ್ಯಾವ್ ಟು ಗೋ', ಅದನ್ನು 1959ರ ಅಕ್ಟೋಬರಿನಲ್ಲಿ ರೆಕಾರ್ಡ್ ಮಾಡಿದ ಕೋಣೆಯಲ್ಲಿ ನಿಂತು ಬಂದೆ. ನಾನು ಫೋನಿನಲ್ಲಿ ಹೇಳಹೊರಟ ಸ್ಟುಡಿಯೋ ಅದೇ, ಆರ್‌ಸಿಎ ಸ್ಟುಡಿಯೋ ಬಿ. 1957ರಲ್ಲಿ ಕಟ್ಟಿದ್ದು, ಹೊರಗಿನಿಂದ ನೋಡಿದರೆ ಗೋಡೌನು. ಮ್ಯೂಸಿಯಮ್ಮಿನವರೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಅಲ್ಲಿ 35,000ಕ್ಕೂ ಹೆಚ್ಚು ಹಾಡು ರೆಕಾರ್ಡ್ ಆಗಿವೆ ಎಂದು ಗೈಡ್ ಹೇಳಿದಳು, ಎಲ್ವಿಸ್ ಪ್ರೀಸ್ಲಿಯದ್ದೂ ಸೇರಿ. ನೆಲದ ಮೇಲೆ ಒಂದು ಕಡೆ ನೀಲಿ ಬಣ್ಣದಲ್ಲಿ ಗುಣಾಕಾರದ ಗುರುತು ಹಾಕಿದ್ದಾರೆ, ಕಂಠ ಅತಿ ಚೆನ್ನಾಗಿ ಕೇಳುವ ಜಾಗ ಅದಂತೆ. ಗೈಡ್ ಆ ಕಡೆ ತಿರುಗಿದಾಗ ನಾನೂ ಅಲ್ಲಿ ನಿಂತು ಸಣ್ಣಗೆ ಕೆಮ್ಮಿ ನೋಡಿದೆ. ಕೆಮ್ಮು ಚೆನ್ನಾಗಿಯೇ ಕೇಳಿಸಿತು.

ಒಂದೇ ಕೋಣೆಯಲ್ಲಿ ಪಿಯಾನೋ, ಗಿಟಾರು, ವೈಬ್ರಾಫೋನು, ಹಿಂದೆ ಗುನುಗುವ ನಾಲ್ಕು ಜನ, ಎಲ್ಲರೂ ಒಟ್ಟಿಗೆ. ಮೂರು ಗಂಟೆಯ ಪಾಳಿ, ಅಷ್ಟರಲ್ಲಿ ಮೂರು ನಾಲ್ಕು ಹಾಡು ಮುಗಿಸಬೇಕು. ಹಳ್ಳಿ ಹಾಡಿಗೆ ಮೊದಲು ಪಿಟೀಲು, ಸ್ಟೀಲ್ ಗಿಟಾರ್ ಇರಲೇಬೇಕಿತ್ತು, ಅವನ್ನು ಕೆಳಗಿಟ್ಟು ಪೇಟೆಯವರಿಗೂ ಒಗ್ಗುವ ಹಾಗೆ ಮಾಡಿದ್ದನ್ನು 'ನ್ಯಾಶ್‌ವಿಲ್ ಸೌಂಡ್' ಎಂದು ಕರೆದರು. ಹಾಗಂದರೇನು ಎಂದು ಕೇಳಿದರೆ ಆಟ್ಕಿನ್ಸ್ ಜೇಬಿಗೆ ಕೈಹಾಕಿ ಚಿಲ್ಲರೆ ಕುಲುಕಿಸುತ್ತಿದ್ದರು ಎಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ.

ಅಮ್ಮ, ನಿನಗೆ ಇಷ್ಟವಾಗುವ ಒಂದು ವಿಷಯ. ಇಲ್ಲಿನ ವಾದ್ಯದವರು ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅಕ್ಷರದಲ್ಲಿ ಬರೆಯುವುದಿಲ್ಲ, 1, 4, 5 ಎಂದು ಅಂಕಿಯಲ್ಲಿ ಬರೆದುಕೊಳ್ಳುತ್ತಾರೆ. ಗಾಯಕನಿಗೆ ಗಂಟಲು ಕಟ್ಟಿ ಶ್ರುತಿ ಇಳಿಸಿದರೂ ಅಂಕಿ ಬದಲಾಗುವುದಿಲ್ಲ, 1 ಎಲ್ಲಿ ಅಂತ ಹೇಳಿದರೆ ಸಾಕು. ಷಡ್ಜ ಎಲ್ಲಿಟ್ಟರೂ ಸರಳೆ ವರಸೆ ಒಂದೇ ಎಂದು ನೀನು ಹೇಳಿಕೊಡುತ್ತಿದ್ದದ್ದೇ ತಾನೇ ಇದು? ಗೈಡ್‌ಗೆ ಹೇಳಿದೆ. ತಲೆಯಾಡಿಸಿದಳು, ಅರ್ಥವಾದ ಹಾಗೆ ಕಾಣಲಿಲ್ಲ.

ಆ ಹಾಡಿನ ಕಥೆ ನಿಮಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಒಬ್ಬ ಹೋಟೆಲಿನ ಗದ್ದಲದಲ್ಲಿ ನಿಂತು ತನ್ನವಳಿಗೆ ಫೋನ್ ಮಾಡಿದ್ದಾನೆ. ಅವಳ ಮಗ್ಗುಲಲ್ಲಿ ಇನ್ನೊಬ್ಬನಿದ್ದಾನೆ. ಫೋನನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿ, ಅವನನ್ನು ಕಳಿಸಿಬಿಡುತ್ತೀಯೋ, ಇಲ್ಲ ನಾನೇ ಫೋನ್ ಇಟ್ಟುಬಿಡಲೋ ಹೇಳು ಎಂದು ಕೇಳುತ್ತಾನೆ. ಅವಳು ಏನಂದಳು ಎಂಬುದು ಹಾಡಿನಲ್ಲಿಲ್ಲ. ಇಲ್ಲಿ ಬ್ಯಾಲಡ್ ಎನ್ನುವುದು ನಮ್ಮ ಲಾವಣಿಯ ಹಾಗೆ ಕಥೆ ಹೇಳುವ ಹಾಡೇ, ಆದರೆ ಸಂಗೊಳ್ಳಿ ರಾಯಣ್ಣನಂಥವರು ಯಾರೂ ಬರುವುದಿಲ್ಲ, ಇಂಥ ಸಣ್ಣ ಜನರ ಸಂಕಟವೇ ಕಥೆ. ಕಂಪನಿಯವರು ರೆಕಾರ್ಡಿನ ಇನ್ನೊಂದು ಮಗ್ಗುಲಿನ ಹಾಡು ಓಡುತ್ತದೆ ಅಂದುಕೊಂಡಿದ್ದರು. ರೇಡಿಯೋದವರು ಮಗುಚಿ ಹಾಕಿ ಇದನ್ನು ಓಡಿಸಿದರು. 1960ರಲ್ಲಿ ಕಂಟ್ರಿ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ, ಪಾಪ್ ಪಟ್ಟಿಯಲ್ಲಿ ಎರಡನೆಯದು. ಅಮ್ಮ, ಇಷ್ಟು ವರ್ಷ ನೀನು ಇದನ್ನು ದೇವರ ಹಾಡು ಅಂದುಕೊಂಡು ಸಂಜೆ ದೀಪ ಹಚ್ಚುವಾಗಲೂ ನಿಲ್ಲಿಸಲು ಹೇಳಲಿಲ್ಲ. ಅಪ್ಪನಿಗೆ ಗೊತ್ತಿತ್ತೋ ಏನೋ, ಕೇಳು.

ಆಮೇಲೆ ನಾಲ್ಕೇ ವರ್ಷ. ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬಾರದ ಭಾಷೆಯಲ್ಲಿ, ಆಫ್ರಿಕಾನ್ಸಿನಲ್ಲಿ ಹಾಡಿದರು, ಅಲ್ಲೇ ಒಂದು ಸಿನಿಮಾದಲ್ಲೂ ನಟಿಸಿದರು. 1964ರ ಆ ಶುಕ್ರವಾರ ಆರ್ಕನ್ಸಾದಿಂದ ಸಣ್ಣ ವಿಮಾನ ತಾವೇ ನಡೆಸಿಕೊಂಡು ಬರುತ್ತಿದ್ದರು, ಜತೆಗೆ ಅವರ ಪಿಯಾನೋದವರು ಡೀನ್ ಮ್ಯಾನುಯೆಲ್. ಊರು ಇನ್ನೇನು ಬಂತು ಎನ್ನುವಾಗ ಗುಡುಗು ಮಳೆಗೆ ಸಿಕ್ಕಿ ಬ್ರೆಂಟ್‌ವುಡ್ ಹತ್ತಿರದ ಕಾಡಿನಲ್ಲಿ ಬಿತ್ತು. ಸಿಕ್ಕಿದ್ದು ಎರಡು ದಿನದ ಮೇಲೆ. ಹುಡುಕಿದವರಲ್ಲಿ ಜತೆಯ ಹಾಡುಗಾರರೂ ಇದ್ದರು. ಆ ಬ್ರೆಂಟ್‌ವುಡ್ ದಾಟಿಕೊಂಡೇ ನಾನು ದಿನಾ ಆಫೀಸಿಗೆ ಹೋಗುವುದು. ಈಗ ಅಲ್ಲೆಲ್ಲ ಗಾಜಿನ ಕಟ್ಟಡಗಳು.

ನೀವು ಅವರು ಬದುಕಿದ್ದಾರೆ ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಹೆಂಡತಿ ಮೇರಿ ಉಳಿದ ಟೇಪುಗಳನ್ನೆಲ್ಲ ಜೋಪಾನ ಮಾಡಿ ಒಂದೊಂದಾಗಿ ಹೊರಗೆ ತಂದರು. ಸತ್ತ ಮೇಲೆಯೇ ಆರು ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋದವು. 'ಡಿಸ್ಟೆಂಟ್ ಡ್ರಮ್ಸ್' 1966ರಲ್ಲಿ ಇಂಗ್ಲೆಂಡಿನಲ್ಲಿ ಐದು ವಾರ ಮೊದಲನೆಯದಾಗಿತ್ತು. ಇನ್ನೊಂದು ವಿಚಿತ್ರ ಕೇಳಿ. ಪ್ಯಾಟ್ಸಿ ಕ್ಲೈನ್ ಎಂಬ ಗಾಯಕಿ 1963ರಲ್ಲಿ ವಿಮಾನ ಬಿದ್ದೇ ತೀರಿಕೊಂಡಿದ್ದರು. ಇಬ್ಬರೂ ಜೋಡಿಯಾಗಿ ಒಂದು ರೆಕಾರ್ಡನ್ನೂ ಮಾಡಿದವರಲ್ಲ. 1981ರಲ್ಲಿ ಇಬ್ಬರ ಹಳೆಯ ಟೇಪಿನಿಂದ ಕಂಠ ಮಾತ್ರ ಎತ್ತಿ, ಹೊಸ ವಾದ್ಯ ಸೇರಿಸಿ, ಯುಗಳ ಗೀತೆ ಮಾಡಿದರು. ಕೇಳಲು ಇಂಪಾಗಿದೆ. ನನಗೆ ಯಾಕೋ ಮನಸ್ಸಾಗಲಿಲ್ಲ, ಅರ್ಧಕ್ಕೆ ನಿಲ್ಲಿಸಿದೆ.

ಈಗಿನವರ ಪಾಡು ಹೇಳುತ್ತೇನೆ. ಬ್ರಾಡ್‌ವೇ ಎಂಬ ಬೀದಿಯಲ್ಲಿ ಸಾಲಾಗಿ ಬಾರುಗಳು, ಬೆಳಿಗ್ಗೆ ಹತ್ತರಿಂದ ನಡುರಾತ್ರಿ ದಾಟುವವರೆಗೆ ಹಾಡು, ನಾಲ್ಕು ನಾಲ್ಕು ಗಂಟೆಯ ಪಾಳಿ. ಒಳಗೆ ಹೋಗಲು ದುಡ್ಡಿಲ್ಲ, ಹಾಡುವವರಿಗೆ ಸಂಪಾದನೆ ಹೆಚ್ಚಾಗಿ ಬಕೆಟ್ಟಿಗೆ ಬೀಳುವ ಟಿಪ್ಸ್. ಒಂದು ಶನಿವಾರ ರಾತ್ರಿ ಇಪ್ಪತ್ತು ಡಾಲರ್ ಬಕೆಟ್ಟಿಗೆ ಹಾಕಿ ನಿಮ್ಮ ಹಾಡು ಹಾಡು ಎಂದು ಕೇಳಿಕೊಂಡೆ. ಹಾಡುತ್ತಿದ್ದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಬಗ್ಗಿ ನನ್ನ ಕಿವಿಯಲ್ಲಿ, "ಈ ಹೊತ್ತಿನಲ್ಲಿ ಅದನ್ನು ಹಾಡಿದರೆ ಜನ ಪಕ್ಕದ ಬಾರಿಗೆ ಎದ್ದು ಹೋಗುತ್ತಾರೆ, ನಾಳೆ ಬೆಳಿಗ್ಗೆ ಬನ್ನಿ" ಎಂದ. ದುಡ್ಡು ವಾಪಸ್ ಕೊಡಲಿಲ್ಲ.

ಭಾನುವಾರ ಹನ್ನೊಂದಕ್ಕೆ ಹೋದೆ. ನನ್ನನ್ನೂ ಸೇರಿಸಿ ಆರು ಜನ, ಒಬ್ಬ ನೆಲ ಒರೆಸುತ್ತಿದ್ದ. ಆ ಹಾಡುವ ಹುಡುಗ ವಾರದಲ್ಲಿ ಐದು ದಿನ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾನಂತೆ, ಎರಡು ದಿನ ಇನ್ನೊಬ್ಬರ ಜತೆ ಕೂತು ಹಾಡು ಬರೆಯುತ್ತಾನಂತೆ, ಮೂರು ವರ್ಷವಾಯಿತಂತೆ. ಹಾಡಿದ. ಮೊದಲ ಸಾಲು ಸ್ವಲ್ಪ ಜೋರಾಯಿತು, ರಾತ್ರಿಯ ಅಭ್ಯಾಸ ಇರಬೇಕು. ಆಮೇಲೆ ಇಳಿಸಿಕೊಂಡ. ಕೆಳಗಿನ ಸ್ವರ ಅವನಿಗೆ ಮುಟ್ಟಲಿಲ್ಲ, ಗಾಳಿ ಮಾತ್ರ ಬಂತು. ನೆಲ ಒರೆಸುವವನು ಕೋಲು ಹಿಡಿದು ನಿಂತು ಕೇಳಿದ, ಮುಗಿದ ಮೇಲೆ ಒರೆಸೋದು ಮುಂದುವರಿಸಿದ. ನಾನು ಇನ್ನೊಂದು ಐದು ಡಾಲರ್ ಹಾಕಿದೆ. ರೂಪಾಯಿಗೆ ಲೆಕ್ಕ ಹಾಕಬೇಡಿ.

ಮೊಬೈಲಿನಲ್ಲಿ ಆ ಹಾಡು ತುಂಬಿಸಿಕೊಂಡಿದ್ದೇನೆ, ಹುಡುಗನದ್ದೂ, ರೀವ್ಸ್ ಅವರದ್ದೂ. ಮುಂದಿನ ಭಾನುವಾರ ನಿಮ್ಮ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ. ಕಿವಿಯ ಮಿಷಿನ್ನು ಬೀರುವಿನಲ್ಲಿಡದೆ ಹಾಕಿಕೊಂಡು ಕೂತಿರಿ, ಹೊಸ ಬ್ಯಾಟರಿ ಅಮ್ಮನ ಹತ್ತಿರ ಇದೆ. ಫೋನು ಕಿವಿಗೆ ಒತ್ತಿ ಹಿಡಿಯಿರಿ. ಆ ಕ್ಯಾಸೆಟ್ ಇನ್ನೂ ಇದ್ದರೆ ಬಿಸಾಡಬೇಡಿ, ಪೆನ್ಸಿಲಿನಲ್ಲಿ ಸುತ್ತಿಡಿ.

ಅಮ್ಮ, ಅಪ್ಪನ ಕೈಲಿ ನಾಲ್ಕು ಸಾಲು ಉತ್ತರ ಬರೆಸು.

ಇಂತಿ ನಿಮ್ಮ ಮಗಳು
ಸುಮಾ