ಅಂಬಾಸಿಡರ್ ಕಾರಿಗೊಂದು ಕಿಟ್ ಯಾಕಿಲ್ಲ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ಇದೇ ಅಂಕಣದಲ್ಲಿ ಓದುಗರೊಬ್ಬರು, ಮೀಸೆ ನರೆತ ಮೇಲೂ ಪ್ಲಾಸ್ಟಿಕ್ ಕಾರುಗಳಿಗೆ ಸಾವಿರಗಟ್ಟಲೆ ಸುರಿಯುವವರ ಬಗ್ಗೆ ಬರೆದಿದ್ದರು. ‘ಮೊಮ್ಮಕ್ಕಳು ಆಡಬೇಕಾದ ಸಾಮಾನಿನಲ್ಲಿ ಅಜ್ಜಂದಿರು ಆಡುತ್ತಿದ್ದಾರೆ’ ಎಂಬ ಸಾಲನ್ನು ನನ್ನ ಹೆಂಡತಿ ಎರಡು ಸಲ ಗಟ್ಟಿಯಾಗಿ ಓದಿದಳು. ಎರಡನೇ ಸಲ ನನ್ನ ಮುಖ ನೋಡಿಕೊಂಡೇ ಓದಿದಳು. ಅವರಿಗೆ ಉತ್ತರ ಕೊಡುವುದು ನನ್ನ ಉದ್ದೇಶವಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಉತ್ತರ ಕೊಡಲೆಂದೇ ಕುಳಿತಿದ್ದೇನೆ. ಜೊತೆಗೆ ನನ್ನದೂ ಒಂದು ಬೇಡಿಕೆ ಇದೆ.

ನಾನು 1981ರಿಂದ 2015ರವರೆಗೆ ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದವನು. ಟಿಂಕರಿಂಗ್‌ನವರು ತಟ್ಟಿ ಕೊಟ್ಟ ಮಡ್‌ಗಾರ್ಡಿಗೆ ಪುಟ್ಟಿ ಹಚ್ಚಿ, ವಾಟರ್ ಪೇಪರಿನಲ್ಲಿ ತಿಕ್ಕಿ, ಪ್ರೈಮರ್ ಹೊಡೆದು, ಹಳೆಯ ಬಣ್ಣಕ್ಕೂ ಹೊಸ ಬಣ್ಣಕ್ಕೂ ನಡುವೆ ಗೆರೆ ಕಾಣದಂತೆ ಮಾಡುವುದು ನನಗೆ ಅನ್ನ ಕೊಟ್ಟ ಕೆಲಸ. ಮೊಣಕಾಲು ಕೈಕೊಟ್ಟ ಮೇಲೆ ಊರಾದ ಸಾಗರಕ್ಕೆ ಮರಳಿದ್ದೇನೆ. ಈಗ ನಾನು ಬಣ್ಣ ಹೊಡೆಯುವ ಕಾರುಗಳು ಅಂಗೈ ಮೇಲೆ ನಿಲ್ಲುತ್ತವೆ.

ಈ ಗೀಳು ಹತ್ತಿದ್ದು 1993ರ ಬೇಸಿಗೆಯಲ್ಲಿ. ಗಿರಾಕಿಯೊಬ್ಬರು, ಅಮೆರಿಕದಲ್ಲಿದ್ದ ತಮ್ಮನ ಸಾಮಾನುಗಳ ನಡುವೆ ಸಿಕ್ಕಿತೆಂದು ಒಂದು ಪೆಟ್ಟಿಗೆ ತಂದರು. ಎಎಂಟಿ ಕಂಪನಿಯ 1957ರ ಷೆವರ್ಲೆ ಬೆಲ್ ಏರ್, ಅಳತೆ 1:25. ಅಂದರೆ ನಿಜವಾದ ಕಾರಿನ ಇಪ್ಪತ್ತೈದು ಸೆಂಟಿಮೀಟರ್ ಇಲ್ಲಿ ಒಂದೇ ಸೆಂಟಿಮೀಟರ್. ‘ನಿಮಗೆ ಬಣ್ಣ ಗೊತ್ತಲ್ಲ ಮೇಸ್ತ್ರಿ, ಇದೊಂದನ್ನು ಮಾಡಿಕೊಡಿ’ ಎಂದು ಇಟ್ಟು ಹೋದವರು ಮತ್ತೆ ಕೇಳಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಕಾರೇ ಇಲ್ಲ. ಬಳ್ಳಿಗೆ ಮೆಣಸಿನ ಗೊಂಚಲು ಜೋತುಬಿದ್ದ ಹಾಗೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ಚೂರುಗಳು. ಎರಡು ಹೋಳಾಗಿ ಬಂದ ಎಂಜಿನ್, ಉಗುರಿನಷ್ಟು ಕಾರ್ಬೊರೇಟರ್, ಕಡ್ಡಿಯಂಥ ಸೈಲೆನ್ಸರ್ ಪೈಪು. ಒಂದೊಂದನ್ನೂ ಗುರುತು ಹಿಡಿದೆ. ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ಸಾಮಾನುಗಳೇ ತಾನೆ!

ಪತ್ರ ಬರೆದ ಮಹನೀಯರು ಇಲ್ಲೊಂದು ಗೊಂದಲ ಮಾಡಿಕೊಂಡಿದ್ದಾರೆ. ಅಂಗಡಿಯ ಗೋಡೆಯಲ್ಲಿ ನೇತುಹಾಕಿರುವ, ಕಾರ್ಖಾನೆಯಲ್ಲೇ ಬಣ್ಣ ಬಳಿದು ಬಂದ ಪುಟ್ಟ ಲೋಹದ ಕಾರುಗಳನ್ನು ಕೊಂಡು ಸಾಲಾಗಿ ಜೋಡಿಸುವುದು ಒಂದು ಹವ್ಯಾಸ. ಅದು ಸಂಗ್ರಹ. ಅದರಲ್ಲಿ ತಪ್ಪೇನೂ ಇಲ್ಲ, ನನಗೆ ಮಾತ್ರ ಅದರಲ್ಲಿ ರುಚಿ ಹತ್ತಲಿಲ್ಲ. ಕಿಟ್, ಅಂದರೆ ಚೂರುಗಳನ್ನು ನಾವೇ ಜೋಡಿಸಿ ಬಣ್ಣ ಹೊಡೆದು ಕಾರು ಮಾಡಬೇಕಾದ ಪೆಟ್ಟಿಗೆ, ಬೇರೆ. ಕಿಟ್ ಕೊಂಡವನ ಕೈಗೆ ಕಾರು ಬರುವುದಿಲ್ಲ, ಕೆಲಸ ಬರುತ್ತದೆ.

ಆ ಕೆಲಸದ ಮೊದಲ ಪಾಠವನ್ನು ನಾನು ಕಲಿತದ್ದು ಪೂರ್ತಿ ಮಾನ ಕಳೆದುಕೊಂಡು. ಗ್ಯಾರೇಜಿನಲ್ಲಿ ಉಳಿದಿದ್ದ ಎನ್‌ಸಿ ಪೇಂಟಿಗೆ, ಅಂದರೆ ಬೇಗ ಆರುವ ಲ್ಯಾಕರ್ ಬಣ್ಣಕ್ಕೆ, ಅಲ್ಲಿಯದೇ ಥಿನ್ನರ್ ಬೆರೆಸಿ, ದೊಡ್ಡ ಕಾರಿಗೆ ಹೊಡೆಯುವ ಹಾಗೆ ಒದ್ದೆಯಾಗಿ ಒಂದು ಕೈ ಹೊಡೆದೆ. ಎರಡು ನಿಮಿಷದಲ್ಲಿ ಬಾನೆಟ್ಟಿನ ಅಂಚು ಬೆಣ್ಣೆಯಂತೆ ಮೆತ್ತಗಾಯಿತು. ಒಣಗಿದ ಮೇಲೆ ನೋಡಿದರೆ ಬೇಸಿಗೆಯ ಕೆರೆಯ ತಳದಂತೆ ಬಿರುಕು. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ನಮ್ಮ ಥಿನ್ನರ್ ಅದನ್ನು ಕರಗಿಸುತ್ತದೆ. ಇದರಲ್ಲಿ ಅಂಟಿನ ಕೆಲಸ ನಡೆಯುವುದೂ ಹಾಗೆಯೇ. ಸಿಮೆಂಟ್ ಎಂದು ನಾವು ಕರೆಯುವ ತೆಳ್ಳಗಿನ ಅಂಟನ್ನು ಕುಂಚದಲ್ಲಿ ಸಂದಿಗೆ ತಾಗಿಸಿದರೆ ಅದು ತಾನೇ ಒಳಕ್ಕೆ ಹರಿದು, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸಿ, ತಾನು ಆರಿಹೋಗುತ್ತದೆ. ಅಂಟಿಸುವುದು ಎನ್ನುತ್ತೇವೆ, ನಿಜಕ್ಕೆ ಅದು ವೆಲ್ಡಿಂಗ್. ಬಣ್ಣದಲ್ಲಿ ಹನ್ನೆರಡು ವರ್ಷ ಪಳಗಿದ್ದ ನನಗೆ ಅಂಗೈಯಗಲದ ಬಾನೆಟ್ ಇದನ್ನು ಕಲಿಸಬೇಕಾಯಿತು.

ಎರಡನೇ ಪಾಠ ಇನ್ನೂ ಸೂಕ್ಷ್ಮ. ಕಾರಿನ ಅಳತೆಯನ್ನು ಕುಗ್ಗಿಸಬಹುದು, ಬಣ್ಣದ ದಪ್ಪವನ್ನು ಕುಗ್ಗಿಸುವುದು ಹೇಗೆ? ದೊಡ್ಡ ಕಾರಿಗೆ ಹೊಡೆಯುವಷ್ಟೇ ದಪ್ಪ ಹೊಡೆದರೆ ಬಾಗಿಲಿನ ಸಂದುಗಳು ಮುಚ್ಚಿ, ಕಾರು ಬೆಲ್ಲದ ಪಾಕದಲ್ಲಿ ಅದ್ದಿದಂತೆ ಕಾಣುತ್ತದೆ. ಮೆಟಾಲಿಕ್ ಬಣ್ಣದ ಪಾಡಂತೂ ಕೇಳಲೇಬೇಡಿ. ನಿಜವಾದ ಕಾರಿನ ಮೇಲೆ ನವಿರಾಗಿ ಮಿನುಗುವ ಕಣಗಳು ಇಪ್ಪತ್ತನಾಲ್ಕನೇ ಒಂದು ಪಾಲಿನ ಕಾರಿನ ಮೇಲೆ ಮದುವೆ ಸೀರೆಯ ಚಮಕಿಯಾಗುತ್ತವೆ. ಕಣ್ಣಿಗೆ ಸರಿ ಎನಿಸಬೇಕಾದರೆ ತೆಳುವಾಗಿ ನಾಲ್ಕೈದು ಸಲ ಹೊಡೆಯಬೇಕು, ನಡುವೆ ಎರಡು ಸಾವಿರ ನಂಬರಿನ ನವಿರಾದ ವಾಟರ್ ಪೇಪರಿನಲ್ಲಿ ನೀರು ಬಿಟ್ಟು ಉಜ್ಜಬೇಕು, ಅಂಚುಗಳಲ್ಲಿ ಬಣ್ಣ ಎದ್ದು ಪ್ಲಾಸ್ಟಿಕ್ ಇಣುಕದಂತೆ ಉಸಿರು ಹಿಡಿದಿರಬೇಕು.

ಮಲೆನಾಡಿನಲ್ಲಿ ಇದಕ್ಕೆ ಮಳೆಯ ಪಂಚಾಂಗ ಬೇರೆ ಇದೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಲ್ಯಾಕರ್ ಹೊಡೆದರೆ ಮೇಲೆ ಹಾಲಿನ ಕೆನೆಯಂತೆ ಬಿಳಿ ಮಬ್ಬು ಏಳುತ್ತದೆ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯಲ್ಲಿರುವ ತೇವ ಬಣ್ಣದ ಮೇಲೆ ಕೂರುವುದರಿಂದ ಹೀಗಾಗುತ್ತದೆ. ಹಾಗಾಗಿ ಜೂನ್‌ನಿಂದ ನಾಲ್ಕೈದು ತಿಂಗಳು ನಾನು ಎಂಜಿನ್, ಸೀಟು, ಡ್ಯಾಶ್‌ಬೋರ್ಡುಗಳ ಕೆಲಸ ಮಾಡುತ್ತೇನೆ. ಅವಕ್ಕೆ ನೀರಿನಲ್ಲಿ ಬೆರೆಯುವ ಬಣ್ಣ ಸಾಕು, ಕುಂಚವೂ ಸಾಕು. ಸ್ವಾತಿ ಮಳೆ ಮುಗಿದು, ಪಕ್ಕದ ಮನೆಯವರು ಅಡಿಕೆ ಒಣಗಿಸಲು ಅಂಗಳ ಸಾರಿಸುವ ಹೊತ್ತಿಗೆ ನನ್ನ ಬಾಡಿಗಳೂ ಹೊರಗೆ ಬರುತ್ತವೆ. ‘ನಿಮ್ಮ ಫಸಲು ಈ ವರ್ಷ ಎಷ್ಟು?’ ಎಂದು ಅವರು ಕೇಳುವುದು, ‘ಎರಡು’ ಎಂದು ನಾನು ಹೇಳುವುದು ನಡೆದೇ ಇದೆ.

ಸದ್ಯ ಮೇಜಿನ ಮೇಲಿರುವುದು ಜಪಾನಿನ ತಮಿಯಾ ಕಂಪನಿಯ ಮಿನಿ ಕೂಪರ್, 1:24. ಮೂರು ಮೀಟರ್ ಉದ್ದದ ಕಾರು ಇಲ್ಲಿ ಹದಿಮೂರು ಸೆಂಟಿಮೀಟರಿನೊಳಗೇ ಮುಗಿಯುತ್ತದೆ. ನಿನ್ನೆ ಬೆಳಿಗ್ಗೆ ಅದರ ವೈಪರ್ ಕಡ್ಡಿಗಳನ್ನು ಬಿಡಿಸಿದೆ. ಬುಡಕ್ಕೇ ಕತ್ತರಿ ಹಾಕಬಾರದು. ಚೂರು ಸೀಳಿಹೋಗುತ್ತದೆ ಅಥವಾ ಬಿಳಿಚಿಕೊಳ್ಳುತ್ತದೆ. ಮೊದಲು ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಎರಡನೇ ಸಲ ತೆಗೆದು, ಅಕ್ಕಿಕಾಳಿನ ತುದಿಯಷ್ಟು ಉಳಿದದ್ದನ್ನು ಅರದಲ್ಲಿ ತೀಡಬೇಕು. ಎರಡನೇ ವೈಪರ್ ಚಿಮುಟದಿಂದ ಹಾರಿತು. ಎಲ್ಲಿಗೆ ಹೋಯಿತೆಂದು ದೇವರಿಗೂ ತಿಳಿಯದು. ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ಹುಡುಕುತ್ತಿದ್ದಾಗ ಹೆಂಡತಿ ಗುಡಿಸಲು ಬಂದಳು. ‘ಗುಡಿಸಬೇಡ’ ಎಂದು ನಾನು ಕಿರುಚಿದ ರೀತಿಗೆ ಅವಳು ಪೊರಕೆ ಅಲ್ಲೇ ಬಿಟ್ಟು ಹೋದವಳು ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ವೈಪರ್ ನನ್ನ ಅಂಗಿಯ ತೋಳಿನ ಮಡಿಕೆಯಲ್ಲಿತ್ತು.

ಆ ಮಹನೀಯರ ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಮಾಡದೆ ಇಟ್ಟ ಕಿಟ್ಟುಗಳನ್ನು ಪೇರಿಸುವ ರೋಗ ನಮ್ಮಲ್ಲಿದೆ. ಈ ಆಯುಷ್ಯದಲ್ಲಿ ಮುಗಿಯದಷ್ಟು ಪೆಟ್ಟಿಗೆಗಳನ್ನು ಅಟ್ಟದ ಮೇಲೆ ಇಟ್ಟುಕೊಂಡವರನ್ನು ನಾನು ಬಲ್ಲೆ. ಅದನ್ನು ಕಣಜ ಎಂದು ಕರೆಯುತ್ತೇನೆ. ನನ್ನ ಕಣಜದಲ್ಲಿ ಒಂಬತ್ತಿವೆ. ಮನೆಯವಳಿಗೆ ಗೊತ್ತಿರುವುದು ಆರು. ಈ ಪತ್ರ ಅಚ್ಚಾದರೆ ಒಂಬತ್ತೂ ಗೊತ್ತಾಗುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. ಕಿಟ್ಟುಗಳ ಬೆಲೆ ಹೆಚ್ಚು ಎಂದು ಅವರು ಬರೆದದ್ದು ಸರಿ. ಆದರೆ ಯಾಕೆ ಹೆಚ್ಚು ಎಂಬುದನ್ನೂ ಬರೆಯಬಹುದಿತ್ತು. ಸುಂಕದ ಪಟ್ಟಿಯಲ್ಲಿ ಅಳತೆ ಮಾದರಿಗಳನ್ನು 9503 ಎಂಬ ಶೀರ್ಷಿಕೆಯಡಿ ಗೊಂಬೆ, ಮೂರು ಗಾಲಿಯ ಸೈಕಲ್, ಪಜಲ್‌ಗಳ ಜೊತೆಗೇ ಸೇರಿಸಲಾಗಿದೆ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದಾಗ ನಮ್ಮ ಎಂಜಿನ್ ಚೂರುಗಳೂ ಗೊಂಬೆಗಳ ಜೊತೆ ಬೆಲೆ ಏರಿಸಿಕೊಂಡವು. ಮಕ್ಕಳ ಬಾಯಿಗೆ ಹೋಗುವ ಕಳಪೆ ಆಟಿಕೆಗಳನ್ನು ತಡೆಯಲು 2021ರ ಜನವರಿಯಿಂದ ಗುಣಮಟ್ಟದ ಆದೇಶ ಬಂತು. ಅಜ್ಜನಾದವನು ಅದನ್ನು ಬೇಡ ಎನ್ನಲಾರ. ಆ ಆದೇಶ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳ ಕುರಿತದ್ದು. ನನ್ನ ಕಣಜದಲ್ಲಿರುವ ಅಮೆರಿಕದ ಪೆಟ್ಟಿಗೆಯ ಮೇಲೆ ‘ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ’ ಎಂದೇ ಅಚ್ಚಾಗಿದೆ. ಮಿನಿ ಕೂಪರನ್ನು ಮಗಳು ಹೊರದೇಶದಿಂದ ತರಿಸಿಕೊಟ್ಟಾಗ ಸುಂಕ ಮತ್ತು ಸಾಗಣೆ ಸೇರಿ ಪೆಟ್ಟಿಗೆಯ ಬೆಲೆಯನ್ನೇ ಮೀರಿತು. ರಸೀದಿಯಲ್ಲಿ ‘ಟಾಯ್’ ಎಂದಿತ್ತು. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಸುಂಕದ ಪಟ್ಟಿ ಬರೆಯುವವರು ಜೋಡಿಸುವ ಕಿಟ್ಟಿಗೆ ಬೇರೆಯೇ ಒಂದು ಸಾಲು, ಬೇರೆ ದರ ಕೊಡಲಿ ಎಂಬುದು ನನ್ನ ಅರ್ಜಿ.

ಆಮದು ಯಾಕೆ, ಇಲ್ಲೇ ಮಾಡಬಾರದೇ ಎಂದು ಕೇಳಬಹುದು. ನನ್ನ ನಿಜವಾದ ಬೇಡಿಕೆ ಅದೇ. ತಮಿಯಾ ಹುಟ್ಟಿದ್ದು 1946ರಲ್ಲಿ, ಷಿಜುಒಕಾ ಎಂಬ ಊರಿನಲ್ಲಿ, ಮರದ ವ್ಯಾಪಾರವಾಗಿ. ಮರದ ಮಾದರಿಗಳನ್ನು ಮಾಡುತ್ತಿದ್ದವರು 1960ರಲ್ಲಿ ಯಮಾಟೊ ಯುದ್ಧನೌಕೆಯೊಂದಿಗೆ ಪ್ಲಾಸ್ಟಿಕ್ಕಿಗೆ ಹೊರಳಿದರು. ಎಪ್ಪತ್ತರ ದಶಕದಲ್ಲಿ ಪೋರ್ಷೆ ಮಾದರಿಯೊಂದನ್ನು ಮಾಡಲು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿಹಾಕಿದರಂತೆ! ಗ್ಯಾರೇಜಿನವನಾದ ನನಗೆ ಇದಕ್ಕಿಂತ ದೊಡ್ಡ ಭಕ್ತಿಯ ಕತೆ ಗೊತ್ತಿಲ್ಲ. ಅಮೆರಿಕದ ಎಎಂಟಿಯವರು ಮೊದಲಿಗೆ ಕಾರು ಮಾರುವ ಷೋರೂಮುಗಳಿಗಾಗಿ ಮಾದರಿ ಕಾರುಗಳನ್ನು ಮಾಡುತ್ತಿದ್ದರು. 1958ರಲ್ಲಿ ಅದೇ ಅನುಭವದಿಂದ, ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಲ್ಲಿ ಜೋಡಿಸಬಹುದಾದ ಕಿಟ್ ತಂದರು. ಕಾರು ಮಾಡುವವರಿಗೂ ಕಿಟ್ ಮಾಡುವವರಿಗೂ ಹೀಗೆ ಕೊಡುಕೊಳೆ ಇತ್ತು. ಅಳತೆ, ನಕ್ಷೆ ಕಾರು ಕಂಪನಿಯ ಕಪಾಟಿನಲ್ಲೇ ಇರುತ್ತವೆ; ದುಬಾರಿಯಾಗುವುದು ಉಕ್ಕಿನ ಅಚ್ಚು. ಸಾವಿರಾರು ಪೆಟ್ಟಿಗೆ ಮಾರದಿದ್ದರೆ ಅದರ ಅಸಲು ಹುಟ್ಟುವುದಿಲ್ಲ ಎಂಬ ಲೆಕ್ಕ ನನಗೂ ತಿಳಿಯುತ್ತದೆ. ಚನ್ನಪಟ್ಟಣದವರು ಮರ, ಅರಗು ಬಿಟ್ಟು ಪ್ಲಾಸ್ಟಿಕ್ಕಿಗೆ ಬರಲಿ ಎಂದು ನಾನು ಹೇಳುತ್ತಿಲ್ಲ. ಅವರ ಕೆಲಸ ಅವರಿಗೇ ಚೆಂದ. ಆದರೆ ಕಾರಿನ ಬಂಪರುಗಳನ್ನೇ ಅಚ್ಚು ಹಾಕಿ ತೆಗೆಯುವ ಈ ದೇಶದಲ್ಲಿ ಒಂದು ಅಂಬಾಸಿಡರ್ ಕಿಟ್ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.

ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದು, ಐವತ್ತು ವರ್ಷಕ್ಕೂ ಮೇಲೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, 2014ರಲ್ಲಿ ನಿಂತುಹೋದ ಕಾರು ಅದು. ಮಂತ್ರಿಗಳ ಕಾರುಗಳಿಗೂ ಟ್ಯಾಕ್ಸಿಗಳಿಗೂ ನಾನೇ ಬಣ್ಣ ಹೊಡೆದಿದ್ದೇನೆ. ಅದರ ಬಾನೆಟ್ಟಿನ ಉಬ್ಬು ಅಂಗೈಗೆ ಇಂದಿಗೂ ನೆನಪಿದೆ. ವಾಟರ್ ಪೇಪರ್ ಹಿಡಿದ ಕೈ ಆ ತಿರುವಿನಲ್ಲಿ ತಾನಾಗಿ ವಾಲುತ್ತಿತ್ತು. ಷೆವರ್ಲೆ, ಮಿನಿ ಕಾರುಗಳನ್ನು ನಾನು ಮುಟ್ಟಿದವನೇ ಅಲ್ಲ. ಮುಟ್ಟದ ಕಾರುಗಳನ್ನು ಮಾಡುತ್ತ ಕುಳಿತು, ಸಾವಿರ ಸಲ ಮುಟ್ಟಿದ ಕಾರನ್ನು ಮಾಡಲಾಗದಿದ್ದರೆ ಹೇಗೆ?

ಯಾರೂ ಮಾಡದಿದ್ದರೆ ನಾನೇ ಮಾಡುತ್ತೇನೆ ಎಂದು ಕಳೆದ ಚೌತಿಯಿಂದ ಶುರು ಮಾಡಿದ್ದೇನೆ. ಪಾಲಿಸ್ಟೈರೀನ್ ಹಾಳೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಅರದಲ್ಲಿ ಆಕಾರಕ್ಕೆ ತರುತ್ತಿದ್ದೇನೆ. 1:24ರಲ್ಲಿ ಹದಿನೆಂಟು ಸೆಂಟಿಮೀಟರ್ ಉದ್ದ ಬರುತ್ತದೆ. ಪಕ್ಕದ ಮನೆಯ ಅಡಿಕೆ ಕೊಟ್ಟಿಗೆಯಲ್ಲಿ ಮಾರ್ಕ್ 4 ಎಂಬ ಮಾದರಿಯ ಒಂದು ಅಂಬಾಸಿಡರ್ ನಿಂತಿದೆ. ಟೇಪು, ದಾರ ಹಿಡಿದು ಅದರ ಮೈ ಅಳತೆ ತೆಗೆದಿದ್ದೇನೆ. ಛಾವಣಿ ಬಂದಿದೆ, ಹಿಂದಿನ ಡಿಕ್ಕಿ ಬಂದಿದೆ. ತೊಡಕಾಗಿರುವುದು ಮುಂದಿನ ಜಾಲರಿ. ನನಗೆ ಬೇಕಾಗಿರುವುದು ಅದಕ್ಕಿಂತ ಹಳೆಯ ಮಾರ್ಕ್ 2, 1962ರಿಂದ 1975ರವರೆಗೆ ಬಂದ, ಚೌಕುಳಿ ಜಾಲರಿಯ ಕಾರು. ಫೋಟೊದಲ್ಲಿ ಅದರ ಮನೆಗಳನ್ನು ಎಣಿಸಬಹುದು, ಆಳ ಮಾತ್ರ ಸಿಗುವುದಿಲ್ಲ.

ಸಾಗರ, ಸೊರಬ, ಹೊಸನಗರದ ಕಡೆಯ ಓದುಗರಲ್ಲಿ ಯಾರ ಮನೆಯಲ್ಲಾದರೂ ಮಾರ್ಕ್ 2 ಕಾರಾಗಲಿ, ಅದರ ಜಾಲರಿಯೊಂದೇ ಆಗಲಿ ಉಳಿದಿದ್ದರೆ ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಬೇಕು. ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ. ಮಾರಬೇಕಾಗಿಲ್ಲ, ಕೊಡಬೇಕಾಗಿಯೂ ಇಲ್ಲ. ಅರ್ಧ ಗಂಟೆ ಅಳೆಯಲು ಬಿಟ್ಟರೆ ಸಾಕು. ಟೇಪು, ಕ್ಯಾಲಿಪರ್ ನಾನೇ ತರುತ್ತೇನೆ. ಕಳೆದ ಭಾನುವಾರ ಪತ್ರ ಬರೆದ ಮಹನೀಯರ ಮನೆಯಲ್ಲೇ ಇದ್ದರೂ ಸರಿ, ಬರುತ್ತೇನೆ.

ಇಂತಿ,
ನಿವೃತ್ತ ಕಾರ್ ಪೇಂಟರ್,
ಸಾಗರ, ಶಿವಮೊಗ್ಗ ಜಿಲ್ಲೆ