ಅಪ್ಪನ ಹೆಬ್ಬೆರಳು

ಹ್ಯಾಂಬರ್ಗ್, ರವಿವಾರ

ಅವ್ವಗೆ ಶರಣು. ನಾನು ಆರಾಮ ಇದ್ದೇನೆ. ಇದನ್ನು ಚೆನ್ನೂ ಫೋನಿಗೆ ಕಳಿಸುತ್ತಿದ್ದೇನೆ, ಅಪ್ಪ ಇಲ್ಲದಾಗ ಓದಿಸಿಕೋ. ಫೋನ್ ಮಾಡಿದರೆ ಅವರು ಪಕ್ಕದಲ್ಲೇ ಕೂತಿರ್ತಾರೆ, ನೀನು ಬಾಯಿ ಬಿಡಲ್ಲ.

ಚಿಗವ್ವನ ಮಗಳ ಮದುವೆ ಸೀರೆ ಬಗ್ಗೆ ಅಷ್ಟೆಲ್ಲ ಬರೆಸಿ, ಅಪ್ಪನ ಹೆಬ್ಬೆರಳಿನ ಗಾಯ ಇನ್ನೂ ಮಾಯ್ದಿಲ್ಲ ಅಂತ ಅರ್ಧ ಸಾಲು ಬರೆಸಿದ್ದೀಯಲ್ಲ! ಶುಗರ್ ಇರುವವರ ಕಾಲಿನ ಗಾಯ ಅರ್ಧ ಸಾಲಿನ ಮಾತಲ್ಲ ಅವ್ವ. ಶುಗರ್ ಜಾಸ್ತಿ ದಿನ ಏರಿಯೇ ಇದ್ದರೆ ಪಾದದ ನರ ಮಂದ ಆಗುತ್ತವೆ, ನೋವೇ ಗೊತ್ತಾಗಲ್ಲ. "ಬ್ಯಾನಿ ಇಲ್ಲ ಅಂದಮ್ಯಾಲ ಏನ್ ಆಗ್ಯಾದ ನನಗ?" ಅಂತಾರಲ್ಲ, ನನಗೆ ಹೆದರಿಕೆ ಆಗಿದ್ದೇ ಆ ಮಾತಿಗೆ.

ಅದರ ಮೇಲೆ ಹೋಳಿ ಬಂತು. ಅದಾದ ಐದನೇ ದಿನ ನಮ್ಮ ಕಲಬುರಗಿ ಶರಣಬಸಪ್ಪನ ತೇರು. ಬರಿಗಾಲಲ್ಲೇ ಹೊರಡುತ್ತಾರೆ, ನೀನು ಹೇಳದಿದ್ದರೂ ಗೊತ್ತು. ಈ ವರ್ಷ ಬೇಡ. ನಮ್ಮೂರ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಅಂಗಾಲು ಸುಟ್ಟು ಬೊಬ್ಬೆ ಎದ್ದರೂ ಅವರಿಗೆ ತಿಳಿಯಲ್ಲ. ದೇವರೇನು ಚಪ್ಪಲಿ ನೋಡಿ ಸಿಟ್ಟಾಗ್ತಾನಾ?

ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೋಗ್ತಿದ್ದರಲ್ಲ, ಆಗಿನ ಒಂದು ಸುದ್ದಿ ನಿನಗೆ ಗೊತ್ತೇ ಇಲ್ಲ. ತೇರಿಗೆ ಅಂತ ಅಪ್ಪ ಬೀಸಿ ಎಸೆದ ಬಾಳೆಹಣ್ಣು ಮುಂದಿದ್ದ ಮುದುಕರ ರುಮಾಲಿಗೆ ಬಡಿಯಿತು. ಅವರು ತಿರುಗುವಷ್ಟರಲ್ಲಿ ಅಪ್ಪ ಕೈಮುಗಿದು, ಕಣ್ಣು ಮುಚ್ಚಿ, ಕೈಲಾಸದಲ್ಲೇ ಇದ್ದರು. ಮುದುಕರು ನನ್ನನ್ನೇ ದುರುಗುಟ್ಟಿ ನೋಡಿದರು! ಬರುವಾಗ ಸಿಹಿ ಮಾಲ್‌ಪುರಿ ಕೊಡಿಸಿ, ತಾವೂ ಎರಡು ತಿಂದು, "ಅವ್ವಗ ಹೇಳಬ್ಯಾಡ" ಅಂದರು. ಬಾಳೆಹಣ್ಣಿನ ಸುದ್ದಿ ಹೇಳಬಾರದೋ, ಮಾಲ್‌ಪುರಿದೋ, ಕೇಳಲಿಲ್ಲ. ಇವತ್ತು ಎರಡೂ ಹೇಳಿಬಿಟ್ಟೆ. ಈಗಲೂ ಸಂಜೆ ವಾಕಿಂಗಿನಿಂದ ಬಂದಾಗ ಅಂಗಿ ಜೇಬು ಒಂದು ಸಲ ಮೂಸಿ ನೋಡು.

ನನ್ನ ಊಟದ ಚಿಂತೆ ಬೇಡ. ಆಫ್ರಿಕಾದವರ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಇಲ್ಲಿ ರವಿವಾರ ಅಂಗಡಿ ಬಂದ್, ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ. ಇವತ್ತು ರೊಟ್ಟಿ ಬಡಿಯುತ್ತಿದ್ದೆ, ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, ರವಿವಾರ ಏನು ರಿಪೇರಿ ಅಂತ ಕೇಳಿದರು. ಒಳಗೆ ಕರೆದು ಬಿಸಿ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಎಣ್ಣೆ ಹಚ್ಚಿ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು, ಆದರೂ ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದರು. ಖಾಲಿ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ ಇಲ್ಲಿ 25 ಸೆಂಟ್ ಕೊಡುತ್ತಾರೆ. ಅಪ್ಪ ಇದ್ದಿದ್ದರೆ ಊರ ಬಾಟಲಿಯೆಲ್ಲ ನಮ್ಮ ಮನೆಯಲ್ಲೇ ಇರುತ್ತಿದ್ದವು.

ನಾಳೆಯೇ ದವಾಖಾನೆಗೆ ಕರೆದುಕೊಂಡು ಹೋಗು. ಮೂರು ತಿಂಗಳ ಶುಗರ್ ತೋರಿಸುವ ರಕ್ತ ಪರೀಕ್ಷೆ ಮಾಡಿಸು. ಗಾಯಕ್ಕೆ ಸುಣ್ಣ-ಅರಿಶಿಣ ಬೇಡ, ಬಿಸಿನೀರಲ್ಲಿ ಕಾಲು ಇಡಿಸಲೂ ಬೇಡ. ದಿನಾ ರಾತ್ರಿ ಅಂಗಾಲು ನೋಡು, ಬೆರಳ ಸಂದಿ ಸಹ. ದುಡ್ಡು ಕಳಿಸಿದ್ದೇನೆ, ಅದು ಸೀರೆಗಲ್ಲ.

ನೀನು ಗಾಬರಿ ಆಗಬೇಡ. ನಾನೂ ಆಗಿಲ್ಲ. ಬೇಗ ತೋರಿಸಿದರೆ ಮಾಯುತ್ತದೆ, ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ. ಆದರೆ ನಾಳೆಯೇ ಹೋಗು.

ಕೆಳಗೆ ಬಟ್ಟೆ ಮಷೀನ್ ನಿಂತಿರಬೇಕು, ಓಡಬೇಕು. ಕಾಕಾ, ಕಾಕಿ, ಆಯಿಗೆ ಶರಣು ಹೇಳು. ಫೋಟೋ ಕಳಿಸಲು ಚೆನ್ನೂಗೆ ಹೇಳು. ಹೆಬ್ಬೆರಳಿನದು, ಅಪ್ಪನ ಮುಖದ್ದಲ್ಲ.

ನಿನ್ನ ಮಗಳು