ಅವ್ವಾ, ನಿನಗೊಂದು ಕಟ್ಟಿ ಸಿಕ್ಕದ

ಲಿಸ್ಬನ್, ಜೂನ್ 14

ಅವ್ವಗ, ಅಪ್ಪಗ ನಮಸ್ಕಾರ,

ನಾ ಇಲ್ಲಿ ಆರಾಮ ಅದೀನಿ, ನೀವೂ ಆರಾಮ ಅದೀರಿ ಅಂತ ತಿಳ್ಕೊಂಡೀನಿ. ದಿನಾ ಫೋನ್‌ನಾಗ ಮಾತಾಡ್ತೀವಲ್ಲ ಮತ್ತ ಕಾಗದ ಯಾಕ ಅಂತ ಅವ್ವ ಕೇಳ್ತಾಳ, ಆದ್ರ ಫೋನ್‌ನಾಗ ನಾ ಎರಡ ಮಾತು ಆಡೋದ್ರೊಳಗ ಊಟ ಆತೇನು ಥಂಡಿ ಅದೇನು ಅಂತ ನೀ ಕೇಳ್ತಿ, ಅಷ್ಟರಾಗ ಅಪ್ಪ ಫೋನ್ ಇಸ್ಕೋತಾರ, ಹೇಳಬೇಕಾದ್ದು ಹಂಗೇ ಉಳೀತದ. ಇದನ್ನ ಮಾತ್ರ ಪೂರ್ತಿ ಹೇಳಬೇಕಾಗ್ಯದ, ಅದಕ್ಕ ಟೈಪ್ ಮಾಡಿ ಕಳಿಸ್ಲಿಕತ್ತೀನಿ, ತಮ್ಮ ಪ್ರಿಂಟ್ ತಗಸ್ಕೊಂಡು ಬಂದು ನಿಮಗ ಓದಿ ಹೇಳ್ಲಿ. ಅವ್ವಾ, ರೂಮ್ ಸಿಕ್ತು. ಬಾಲ್ಕನಿ ಇರೋ ರೂಮು.

ಹೋದ ದೀಪಾವಳಿಗೆ ಬಂದಾಗ ನೀ ಅಂದ ಮಾತು ನನ್ನ ತಲಿಯಾಗ ಕುಂತಬಿಟ್ಟದ. "ಅಲ್ಲಿ ಬಂದು ನಾಲ್ಕ ಗ್ವಾಡಿ ನೋಡ್ಕೋತ ಕೂಡ್ಲೇನು, ನನಗ ಹೋಗೋ ಬರೋ ಮಂದಿ ಕಾಣಬೇಕು ಯವ್ವಾ" ಅಂದಿದ್ದಿ. ಖರೇನ ಅದು. ರಾಯಚೂರಾಗ ನಮ್ಮ ಮನಿ ಮುಂದಿನ ಶಾಬಾದ್ ಕಲ್ಲಿನ ಕಟ್ಟಿ ಮ್ಯಾಲ ಸಂಜಿಕ ನೀ ಕುಂತ್ರ ತೀನ್ ಕಂದೀಲ್ ಕಡಿಗೆ ಹೋಗೋರು, ಕಾಯಿಪಲ್ಲೆ ಗಾಡಿಯವ, ಸಾಲಿ ಬಿಟ್ಟ ಹುಡುಗ್ರು, ಎಲ್ಲಾರೂ ನಿನ್ನ ಮಾತಾಡಿಸೇ ಮುಂದ ಹೋಗ್ತಾರ, ಮೊಣಕಾಲ ನೋವು ಶುರುವಾದ ಮ್ಯಾಲಂತೂ ಊರೆಲ್ಲಾ ನೀ ಆ ಕಟ್ಟಿ ಮ್ಯಾಲಿಂದಾನೇ ನೋಡ್ತಿ. ಇಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಾಗ ನನ್ನ ಮನಿ ಸಣ್ಣದು, ಕಿಟಕಿ ತೆಗದ್ರ ಪಾರ್ಕಿಂಗ್ ಕಾಣ್ತದ, ನಿಮ್ಮನ್ನ ಮೂರು ವಾರ ಅಲ್ಲೇ ಕೂಡ್ಸಾಕ ನನಗ ಮನಸಿಲ್ಲ. ಅದಕ್ಕ ನಡುವ ಐದು ದಿನ ಪೋರ್ಚುಗಲ್‌ನ ಲಿಸ್ಬನ್‌ಗೆ ಕರ್ಕೊಂಡ್ ಬರಬೇಕಂತ ಮಾಡೀನಿ. ಲಿಸ್ಬನ್ನೇ ಯಾಕ ಅಂದ್ರ ಅದು ಅಪ್ಪನ ಸಲುವಾಗಿ, ಕೆಳಗ ಬರೀತೀನಿ. ಕಣ್ಣಿಲೆ ನೋಡದ ನಿಮಗ ರೂಮ್ ಬುಕ್ ಮಾಡಬಾರ್ದು ಅಂತ ರಜಾ ಹಾಕಿ ನಾ ಒಬ್ಬಾಕಿನೇ ಮೊದ್ಲು ಬಂದೆ, ವಿಮಾನ ಮೂರು ತಾಸು ಅಷ್ಟ.

ಮೊದಲ್ನೇ ರೂಮು ಅಲ್ಫಾಮಾ ಅನ್ನೋ ಓಣ್ಯಾಗ. 1755ರ ನವೆಂಬರ್ 1ಕ್ಕ ದೊಡ್ಡ ಭೂಕಂಪ ಆಗಿ, ಮ್ಯಾಲ ಬೆಂಕಿ ಹತ್ತಿ ಈ ಊರು ಬಹಳಷ್ಟು ಹಾಳಾಗಿತ್ತು, ಅಲ್ಫಾಮಾ ಮಾತ್ರ ಭಾಳ ಮಟ್ಟಿಗೆ ಉಳ್ಕೊಂತು, ಅದಕ್ಕ ಇವತ್ತಿಗೂ ಸಂದಿಗೊಂದಿ ಓಣಿ, ನಮ್ಮ ಕ್ವಾಟಿ ಒಳಗಿನ ಗಲ್ಲಿ ಇದ್ದಂಗ, ನೋಡ್ಲಿಕ್ಕ ಚೆಂದ. ಆನ್‌ಲೈನ್ ಫೋಟೋದಾಗ ಬಾಲ್ಕನಿ, ಅದರ ಮ್ಯಾಲ ಕಾಫಿ ಕಪ್ಪು, ಹಿಂದ ಹೊಳಿ ಕಾಣ್ತಿತ್ತು. ಹೋಗಿ ನೋಡಿದ್ರ ನೆಲದ ತನಕ ಇರೋ ಬಾಗಿಲು, ಬಾಗಿಲಕ್ಕ ಹತ್ತಿಸಿ ಹೊರಗ ಒಂದು ಕಬ್ಬಿಣದ ರೇಲಿಂಗು, ಅಷ್ಟ, ಕುರ್ಚಿ ಹೋಗ್ಲಿ ಪಾದ ಇಡಾಕೂ ಜಾಗ ಇಲ್ಲ. ಎದುರಿಗೆ ಇನ್ನೊಂದು ಮನಿ ಗ್ವಾಡಿ. ಹೊಳಿ ಕಾಣಬೇಕಂದ್ರ ಹೊರಗ ಬಗ್ಗಿ ಎಡಗಡಿ ಕುತ್ತಿಗಿ ತಿರುವಬೇಕು. ಇಲ್ಲಿ ಹಳೇ ಮನಿಗೋಳಿಗೆ ಇಂಥಾವೇ ಭಾಳ, ಅದನ್ನೂ ಬಾಲ್ಕನಿ ಅಂತ ಬರದು ರೊಕ್ಕ ತಗೋತಾರ. ಲಿಫ್ಟ್ ಇಲ್ಲ. ರಸ್ತಾದಿಂದ ಮನಿ ತನಕ ಮೆಟ್ಲು, ಮನಿಯಿಂದ ರೂಮ್ ತನಕ ಮತ್ತ ಮೆಟ್ಲು, ಎಣಿಸಿಕೋತ ಹತ್ತಿದೆ, 83 ಆದ್ವು. ಬ್ಯಾಗ್ ಕೆಳಗ ಇಟ್ಟು ಪಲ್ಲಂಗದ ಮ್ಯಾಲ ಕುಂತಾಗ ನಿನ್ನ ಮೊಣಕಾಲ ನೆನಪಾಗಿ ಹೊಟ್ಯಾಗ ಸಂಕಟ ಆತವ್ವ, ನೋಡ್ದ ನಿಮ್ಮನ್ನ ಇಲ್ಲಿಗೇ ಕರ್ಕೊಂಡ್ ಬಂದಿದ್ರ ಏನ್ ಗತಿ ಅಂತ.

ಅವತ್ತು ರಾತ್ರಿ ನಿದ್ದಿನೂ ಇಲ್ಲ. ಜೂನ್ 12ರ ರಾತ್ರಿ ಇಲ್ಲಿ ಸಂತ ಅಂತೋನಿ ಹಬ್ಬ, ಮರುದಿನ 13ಕ್ಕ ಊರಿಗೆಲ್ಲಾ ಸೂಟಿ. ಆ ಸಂತ ಹುಟ್ಟಿದ್ದು ಇದೇ ಊರಾಗಂತ. ಓಣಿ ಓಣಿಗೂ ಬಣ್ಣದ ಕಾಗದದ ತೋರಣ, ಹಾಡು, ಮಂದಿ, ಬಾಗಿಲ ಮುಂದ ಒಲಿ ಹಚ್ಚಿ ಸಾರ್ಡೀನ್ ಮೀನು ಸುಡ್ತಾರ. ಆ ವಾಸನಿ ನಿನಗ ಆಗಂಗಿಲ್ಲ, ಅದಕ್ಕ ನಿಮ್ಮನ್ನ ಜೂನ್‌ನಾಗ ಕರಸೋದು ಬಿಟ್ಟು ಸಪ್ಟೆಂಬರ್ ಮಾಡೀನಿ. ಆದ್ರ ಗದ್ದಲ ನೋಡಿ ನನಗ ನಮ್ಮ ಕಾರ ಹುಣ್ಣಿವಿ ನೆನಪಾತು ನೋಡು, ಎತ್ತು ಭಾರದ ಕಲ್ಲು ಎಳಿಯೋದು ನೋಡ್ಲಿಕ್ಕ ಮಂದಿ ಸೇರ್ತಾರಲ್ಲ, ಹಂಗೇ, ಹೆಗಲ ಮ್ಯಾಲ ಕೂಸುಗಳ್ನ ಕೂಡಿಸ್ಕೊಂಡು ನಿಂತಿದ್ರು.

ಮರುದಿನ ಮುಂಜಾನಿ ಬ್ಯಾಗ್ ಎಳಕೋತ ಗುಡ್ಡ ಏರಿ ಗ್ರಾಸಾ ಅನ್ನೋ ಏರಿಯಾಕ್ಕ ಬಂದೆ. ಮ್ಯಾಲಿನ ಊರು, ಆದ್ರ ಇಲ್ಲಿ ತನಕ 28ನೇ ನಂಬರ್ ಹಳದಿ ಟ್ರಾಮ್ ಬರ್ತದ, ಟ್ಯಾಕ್ಸಿನೂ ಬಾಗಿಲಿಗೇ ಬರ್ತದ, ನೀ ಮೆಟ್ಲು ಹತ್ತೋದು ಬ್ಯಾಡ. ಬಾಗಿಲ ಬಾಗಿಲಕ್ಕ ಹೋಗಿ ಕೇಳಿದೆ, ಕುರ್ಚಿ ಹಾಕ್ಲಿಕ್ಕ ಬರ್ತದೇನು, ಯಾವ ದಿಕ್ಕಿಗೆ ಅದ, ಲಿಫ್ಟ್ ಅದ ಏನು, ಲಿಫ್ಟ್ ಮುಂದ ಮೆಟ್ಲು ಅವ ಏನು (ಇದನ್ನ ಕೇಳಲೇಬೇಕು, ಲಿಫ್ಟ್ ಇರ್ತದ ಆದ್ರ ಅಲ್ಲಿಗೆ ಹೋಗಾಕ ಹತ್ತು ಮೆಟ್ಲು ಹತ್ತಬೇಕಾಗ್ತದ). ಒಂದ ಕಡಿ ಬಾಲ್ಕನಿ ಹಿಂದಿನ ಹಿತ್ತಲಕ್ಕ, ಎಸಿ ಡಬ್ಬಿ ಬಿಟ್ರ ಏನೂ ಕಾಣಂಗಿಲ್ಲ. ಇನ್ನೊಂದು ಕಡಿ ಮಾಳಗಿ ಮ್ಯಾಲ ಎಲ್ಲಾರಿಗೂ ಕೂಡಿ ಒಂದೇ ಟೆರೇಸು, ನೀ ಕಾಲು ಚಾಚಿ ಕೂಡಂಗಿಲ್ಲ.

ನಾಲ್ಕನೇದು ಒಂಬತ್ತ ರೂಮಿನ ಸಣ್ಣ ಹೋಟೆಲು. ಕೌಂಟರ್‌ನಾಗ ಹೆಚ್ಚುಕಮ್ಮಿ ನಿನ್ನ ವಯಸ್ಸಿನಾಕಿ ಕುಂತಿದ್ಲು, ಮನೀದೇ ಹೋಟೆಲ್ ಅಂತ. ನನಗ ಅವರ ಭಾಷಾ ಬರಂಗಿಲ್ಲ, ಆಕಿಗೆ ಇಂಗ್ಲಿಷ್ ಅಷ್ಟಕ್ಕಷ್ಟ. ಬಾಲ್ಕನಿ ಅಂದೆ, "ವರಾಂದಾ?" ಅಂದ್ಳು. ನಾವು ವರಾಂಡಾ ಅಂತೀವಲ್ಲ, ಅದೇ ಶಬ್ದ! ಹೂಂ ಹೂಂ ವರಾಂದಾ ಅಂದೆ. ಹಬ್ಬಕ್ಕ ಬರೋರು ಒಬ್ಬರು ಬರದ ಒಂದು ರೂಮ್ ಖಾಲಿ ಉಳದಿತ್ತು, ಮೊಳಿಗೆ ತೂಗ ಹಾಕಿದ್ದ ಹಿತ್ತಾಳಿ ಬಿಲ್ಲೆಯ ಕೀಲಿ ತಗದು ನನ್ನ ಕೈಯಾಗ ಇಟ್ಟು "ಶಾವ್" ಅಂದ್ಳು, ಚಾವಿ. ಅಪ್ಪಾ, ನಮ್ಮ ಚಾವಿ ಇವರ ಮಾತು, ಬಟಾಟಿ ಇವರ ಮಾತು, ತಿಂಗಳಾ ಬರೋ ಪಗಾರ ಇವರ ಮಾತು, ಪಾವ್ ಅಂದ್ರ ಇಲ್ಲಿ ಬ್ರೆಡ್ಡು. ಇಷ್ಟ ದೂರ ಬಂದು ಯಾರೋ ನನ್ನ ಕೈಯಾಗ ಚಾವಿ ಇಟ್ಟು ಚಾವಿ ಅಂದಾಗ ನನಗ ಕಣ್ಣಾಗ ನೀರು ಬಂತು, ಖರೇನ ಹೇಳ್ತೀನಿ.

ರೂಮು ಮೂರನೇ ಮಾಳಗಿ, ಲಿಫ್ಟ್ ಸಣ್ಣದು, ಇಬ್ಬರು ನಿಲ್ಲಬಹುದು, ಲಿಫ್ಟ್ ಮುಂದ ಒಂದೂ ಮೆಟ್ಲಿಲ್ಲ. ಒಳಗ ಎರಡು ಪಲ್ಲಂಗ, ಕಟಗಿ ನೆಲ, ನಡದ್ರ ಕಿರಕಿರ ಅಂತದ, ಗ್ವಾಡಿಗೆ ಸೊಂಟದ ಮಟ ನೀಲಿ ಬಿಳಿ ಟೈಲ್ಸು, ಬಾತ್‌ರೂಮ್ ಸಣ್ಣದು ಆದ್ರ ಸ್ವಚ್ಛ ಅದ, ಬಾಲ್ದಿ ಚೊಂಬು ಇಲ್ಲ, ಚೊಂಬು ನಾ ಫ್ರಾಂಕ್‌ಫರ್ಟ್‌ದಿಂದ ತರ್ತೀನಿ. ಆಮ್ಯಾಲ ಆಕಿ ಕಟಗಿ ಬಾಗಿಲದ ಚಿಲಕ ತಗದು ಎರಡೂ ಕೈಲೆ ನೂಕಿದ್ಲು ನೋಡವ್ವ, ಗಾಳಿ ಬಂದು ಪರದೆ ಎದ್ದು ನನ್ನ ಮಾರಿಗೆ ಬಡೀತು.

ಮೊದ್ಲು ನಾ ಮಾಡಿದ ಕೆಲಸ ಗೇಣ ಹಾಕಿದ್ದು. ನನ್ನ ಕೈಲೆ ಹನ್ನೆರಡು ಗೇಣ ಉದ್ದ, ಆರು ಗೇಣ ಅಗಲ. ಎರಡು ಕುರ್ಚಿ, ಒಂದು ಸಣ್ಣ ಮೇಜು. ಒಂದರ ಮ್ಯಾಲ ಕುಂತು ಇನ್ನೊಂದರ ಮ್ಯಾಲ ಕಾಲು ಇಟ್ಟು ನೋಡಿದೆ, ನೀ ಹಂಗೇ ಕೂಡ್ತಿಯಲ್ಲ, ಹಿಡೀತದ. ರೇಲಿಂಗಿನ ಸರಳಿನ ನಡುವಿಂದ ಕುಂತಲ್ಲಿಂದಾನೇ ಓಣಿ ಪೂರಾ ಕಾಣ್ತದ, ಎದ್ದು ನಿಲ್ಲೋದು ಬ್ಯಾಡ. ಇದನ್ನ ಯಾರೂ ವಿಚಾರ ಮಾಡಂಗಿಲ್ಲ, ಭಾಳ ಕಡಿ ಗ್ವಾಡಿಯಂಗ ಕಟ್ಟಿರ್ತಾರ, ಕುಂತ್ರ ಆಕಾಶ ಬಿಟ್ರ ಏನೂ ಕಾಣಂಗಿಲ್ಲ.

ಏನೇನು ಕಾಣ್ತದ ಅಂದ್ರ, ಕೆಳಗ ಓಣಿ, ಕಪ್ಪು ಬಿಳಿ ಸಣ್ಣ ಸಣ್ಣ ಕಲ್ಲು ಕೂಡಿಸಿ ಮಾಡಿದ ಫುಟ್‌ಪಾತು. ಮೂಲ್ಯಾಗ ಒಂದು ಬೇಕರಿ, ಮುಂಜಾನಿ ಏಳಕ್ಕ ಶಟರ್ ಎತ್ತಿದ ಸಪ್ಪಳ ಆತು, ಬಿಸಿ ಪಾವಿನ ವಾಸನಿ ಮ್ಯಾಲ ಬಂತು. ಓಣಿ ತುದಿಗೆ ಟ್ರಾಮ್ ತಿರಗ್ತದ, ತಿರಗೋ ಮುಂದ ಕೀಂಯ್ ಅಂತ ಚೀರಿ ಗಂಟಿ ಬಾರಸ್ತದ. ದೂರ ನೋಡಿದ್ರ ಕೆಂಪು ಹಂಚಿನ ಮನಿಗೋಳು ಇಳಕೋತ ಹೋಗ್ತಾವ, ಎಡಕ್ಕ ಗುಡ್ಡದ ಮ್ಯಾಲ ಸಾಂವ್ ಜೋರ್ಜ್ ಕ್ವಾಟಿ, 1147ರಾಗ ಇವರ ಮೊದಲ್ನೇ ರಾಜ ಮೂರ್ ಅನ್ನೋ ಮುಸಲ್ಮಾನರ ಕಡಿಯಿಂದ ಗೆದ್ದದ್ದು. ಅದರ ಆಚಿಗೆ ತೇಜೋ ಹೊಳಿ. ಹೊಳಿ ಅಂದ್ರ ನಮ್ಮ ದೇವಸೂಗೂರ ಹತ್ರ ಕೃಷ್ಣಾ ತುಂಬಿ ಬಂದಾಗ ನೋಡಿದಿ ಅಲ್ಲ, ಅದಕ್ಕಿಂತ ದೊಡ್ಡದು, ಸಮುದ್ರಕ್ಕ ಕೂಡೋ ಮುಂದ ಹಿಗ್ಗಿ ಹಿಗ್ಗಿ ಸಮುದ್ರನೇ ಆಗ್ಯದ. ಅದರ ಮ್ಯಾಲ ಕೆಂಪು ಬ್ರಿಜ್, 1966ರಾಗ ಕಟ್ಟಿದ್ದು, ಎರಡೂಕಾಲು ಕಿಲೋಮೀಟರ್ ಉದ್ದ. ನಿನ್ನೆ ಸಂಜಿಕ, ಸಂಜಿ ಏನು ರಾತ್ರಿ ಒಂಬತ್ತಕ್ಕ, ಸೂರ್ಯ ಮುಳುಗಿದ. ಸಪ್ಟೆಂಬರ್‌ನಾಗ ಪೌಣೆಂಟಕ್ಕ ಮುಳಗ್ತಾನ. ಪಡುವಣಕ್ಕ ಮುಖ ಅದ ಅಂತ ಮಧ್ಯಾಹ್ನ ಬಿಸಲು ಹೊಡೀತದ, ಆದ್ರ ರಾಯಚೂರಿನ ಏಪ್ರಿಲ್ ಕಂಡವರಿಗೆ ಅದು ಬಿಸಲೇ ಅಲ್ಲ.

ಅಪ್ಪಾ, ಈ ಹೊಳಿ ನಿಮ್ಮ ಸಲುವಾಗಿ. 1497ರಾಗ ವಾಸ್ಕೋ ಡ ಗಾಮಾ ಹಡಗ ಬಿಟ್ಟದ್ದು ಇದೇ ನೀರಿನಾಗ, ಇಲ್ಲಿಂದ ಸ್ವಲ್ಪ ಕೆಳಗ ಬೆಲೆಂ ಅನ್ನೋ ಕಡಿಯಿಂದ. ಐತವಾರ ನಮ್ಮಿಬ್ಬರನ್ನ ಕ್ವಾಟಿ ಗ್ವಾಡಿ ಹತ್ರ ನಿಲ್ಲಿಸಿ ನೀವು ಹೇಳ್ತಿದ್ರಲ್ಲ, 1520ರಾಗ ಕೃಷ್ಣದೇವರಾಯ ರಾಯಚೂರು ಮುತ್ತಿದಾಗ ಕ್ರಿಸ್ಟೋವಾವ್ ಡಿ ಫಿಗೇರಿಡೊ ಅನ್ನೋ ಪೋರ್ಚುಗೀಸವ ಇಪ್ಪತ್ತು ಮಂದಿ ಬಂದೂಕಿನವರನ್ನ ಕರ್ಕೊಂಡ್ ಬಂದಿದ್ದ, ಗ್ವಾಡಿ ಮ್ಯಾಲಿಂದ ಇಣಿಕಿದವರಿಗೆ ಅವರು ಗುಂಡು ಹೊಡೀತಿದ್ರು, ಅಷ್ಟರಾಗ ರಾಯರ ಮಂದಿ ಕೆಳಗ ಕಲ್ಲು ಕೀಳ್ತಿದ್ರು ಅಂತ. ನಾ ಆ ಕಲ್ಲಿನ ಸಂದ್ಯಾಗ ಬಟ್ಟು ಇಟ್ಟು ನೋಡ್ತಿದ್ದೆ. ನಿನ್ನೆ ಈ ಬಾಲ್ಕನಿಯಾಗ ಕುಂತಾಗ ಅದೇ ನೆನಪಾತು, ಆ ಇಪ್ಪತ್ತು ಮಂದಿಯೊಳಗ ಒಬ್ಬನಾದ್ರೂ ಈ ಓಣಿಯವ ಇರಬಹುದು, ನಮ್ಮೂರ ಬಿಸಲಾಗ ನಿಂತು ಈ ಹೊಳಿ ನೆನಸ್ಕೊಂಡಿರಬಹುದು. ಅದನ್ನೆಲ್ಲಾ ಬರದಿಟ್ಟ ಕುದುರಿ ವ್ಯಾಪಾರಿ ನೂನಿಜ್‌ನ ಹಸ್ತಪ್ರತಿ ಪ್ಯಾರಿಸಿನಾಗ ಅದ, ಇಲ್ಲಿ ಸಿಗಂಗಿಲ್ಲ, ಆದ್ರ ಅದು ಪೋರ್ಚುಗೀಸ್‌ನಾಗ ಮೊದ್ಲು ಅಚ್ಚಾದದ್ದು 1897ರಾಗ ಲಿಸ್ಬನ್‌ನಾಗೇ, ಅದನ್ನ ನೋಡಿ ಬಳ್ಳಾರಿ ಕಲೆಕ್ಟರ್ ಆಗಿದ್ದ ಸಿವೆಲ್ 1900ರಾಗ ಇಂಗ್ಲಿಷಿಗೆ ತಂದ. ಹಳೇ ಪುಸ್ತಕದ ಅಂಗಡಿ ಇಲ್ಲಿ ಭಾಳ ಅವ, ನಿಮ್ಮನ್ನ ಒಂದು ದಿನ ಪೂರಾ ಅಲ್ಲೇ ಬಿಡ್ತೀನಿ.

ಮತ್ತ ಅವ್ವಾ, ಇದನ್ನ ಕೇಳು. ಮೇಜಿನ ಮ್ಯಾಲ ಒಂದು ಸಣ್ಣ ಕುಂಡ ಇತ್ತು, ಚೆಂಡಿನಂಗ ದುಂಡಗ ಬೆಳದ ಗಿಡ, ಎಲಿ ನಮ್ಮ ತುಳಸಿಗಿಂತ ಸಣ್ಣವು, ಅದಕ್ಕ ಕಾಗದದ ಹೂ ಸಿಗಿಸಿ ಸಣ್ಣ ಚೀಟಿ ಹಚ್ಚಿದ್ರು, ಚೀಟ್ಯಾಗ ನಾಲ್ಕು ಸಾಲಿನ ಪದ. ಈ ಹಬ್ಬಕ್ಕ ಇದನ್ನ ಒಬ್ಬರಿಗೊಬ್ಬರು ಕೊಡ್ತಾರ, ಮಂಜೆರಿಕೊ ಅಂತಾರ, ತುಳಸಿ ಜಾತಿದೇ. ನಾ ಬಗ್ಗಿ ಮೂಸಾಕ ಹೋದೆ, ಆಕಿ ಬ್ಯಾಡ ಬ್ಯಾಡ ಅಂತ ನನ್ನ ಕೈ ಹಿಡದ್ಲು, ಮೂಗ ಹಚ್ಚಿ ಮೂಸಿದ್ರ ಗಿಡ ಬಾಡ್ತದಂತ. ಅಂಗೈ ಗಿಡದ ಮ್ಯಾಲ ಮೆಲ್ಲಕ ಆಡಿಸಿ ಆಮ್ಯಾಲ ಅಂಗೈ ಮೂಸಬೇಕು. ದಿನಾ ಮುಂಜಾನಿ ನೀರು ಹಾಕಿದ ಮ್ಯಾಲ ನೀ ತುಳಸಿ ಕಟ್ಟಿ ಮುಟ್ಟಿ ಕೈ ಕಣ್ಣಿಗೆ ಒತ್ತಕೋತಿ ಅಲ್ಲ, ಅದೇ ಕಂಡಂಗಾತು.

ಇವತ್ತು ಮುಂಜಾನಿ ಎದುರಿನ ಮನಿ ಅಜ್ಜಿ ಅರಿವಿ ಒಣ ಹಾಕಾಕ ಬಂದ್ಲು, ಗಾಲಿ ಮ್ಯಾಲ ಹಗ್ಗ ಎಳದು ಎಳದು ಒಂದೊಂದ ಅರಿವಿಗೂ ಕ್ಲಿಪ್ ಹಾಕಿದ್ಲು. ನನ್ನ ನೋಡಿ ಬೊಂ ದಿಯಾ ಅಂದ್ಳು, ನಾನೂ ಅಂದೆ. ಒಬ್ಬಾಕಿನೇ ಏನು ಅಂತ ಒಂದ ಬಟ್ಟು ಎತ್ತಿ ಕೇಳಿದ್ಲು. ಫೋನ್‌ನಾಗ ನಿನ್ನ ಫೋಟೋ ತಗದು ತೋರಿಸಿದೆ, ಅಷ್ಟ ದೂರದಿಂದ ಏನ್ ಕಾಣಸ್ತದೋ, ಆದ್ರ ನೋಡಿ ತಲಿ ಹಾಕಿ ನಾ ಕುಂತ ಕುರ್ಚಿಗೆ ಬಟ್ಟು ಮಾಡಿದ್ಲು. ಹೂಂ ಅಂದೆ, ಇಲ್ಲೇ ಕೂಡ್ತಾಳ ಅಂದೆ, ಕನ್ನಡದಾಗೇ ಅಂದೆ.

ರೊಕ್ಕದ ವಿಚಾರ, ದಿನಕ್ಕ 110 ಯುರೋ, ನಾಷ್ಟಾ ಕೂಡಿ. ಊರ ಟ್ಯಾಕ್ಸ್ ಅಂತ ತಲಿಗೆ ರಾತ್ರಿಗೆ 4 ಯುರೋ ಬ್ಯಾರೆ. ಅದನ್ನ ರೂಪಾಯಿ ಮಾಡಿ ಲೆಕ್ಕ ಹಾಕಬ್ಯಾಡ್ರಿ, ನನ್ನ ಪಗಾರದಾಗ ಆಗ್ತದ, ಇದಕ್ಕಂತನೇ ಒಂದ ವರ್ಷದಿಂದ ತಗದಿಟ್ಟೀನಿ. ಸಪ್ಟೆಂಬರ್ 14ರಿಂದ ಐದು ರಾತ್ರಿ ಇದೇ ರೂಮು ನಿಮಗ, ಪಕ್ಕದ ಸಣ್ಣದು ನನಗ, ರಶೀದಿ ಸೈತ ತಗೊಂಡೀನಿ. ವೀಸಾಕ್ಕ ಆ ಕಾಗದ ಬೇಕು, ತಮ್ಮಗ ಮೇಲ್ ಮಾಡ್ತೀನಿ. ಜರ್ಮನಿ ವೀಸಾ ಇದ್ರ ಇಲ್ಲಿಗೂ ನಡೀತದ, ಎರಡ ಮಾಡಸೋದು ಬ್ಯಾಡ. ಅವ ಹೈದರಾಬಾದ್ ಅಪಾಯಿಂಟ್‌ಮೆಂಟ್ ಈ ವಾರನೇ ಹಾಕ್ಲಿ, ತಲಿಗೆ 90 ಯುರೋ ಫೀಸು, ಟ್ರಾವೆಲ್ ಇನ್ಶೂರೆನ್ಸ್ 30,000 ಯುರೋಕ್ಕ ಕಮ್ಮಿ ಇರಬಾರ್ದು, ಇದನ್ನ ಮರೀಬ್ಯಾಡ ಅಂತ ಹೇಳ್ರಿ.

ಊಟದ ಚಿಂತಿ ಮಾಡಬ್ಯಾಡ. ಗುಡ್ಡದ ಕೆಳಗ ಮಾರ್ತಿಂ ಮೊನಿಜ್ ಅಂತ ಅದ, ಅಲ್ಲಿ ನಮ್ಮ ಕಡಿ ಅಂಗಡಿ ಸಾಲೇ ಅದ, ಅಕ್ಕಿ ಬ್ಯಾಳಿ ಹಸಿಮೆಣಸಿನಕಾಯಿ ಎಲ್ಲಾ ಸಿಗ್ತದ. ಇಲ್ಲಿ ಎಲ್ಲಾ ಕಡಿ ಇಡೋ ಸಣ್ಣ ಕೆನಿ ಕೆನಿ ಪೇಸ್ಟ್ರಿ ಮಾತ್ರ ತಿನ್ನಬ್ಯಾಡ, ತತ್ತಿ ಹಾಕಿರ್ತಾರ. ಖಡಕ್ ರೊಟ್ಟಿ ಮೂವತ್ತು, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಕಟ್ಕೊಂಡ್ ಬಾ, ರೊಟ್ಟಿ ಸ್ಟೀಲ್ ಡಬ್ಬ್ಯಾಗ ಹಾಕು, ಇಲ್ಲಾಂದ್ರ ಪುಡಿ ಆಗ್ತಾವ. ಮತ್ತ ಚಪ್ಪಲಿ ಮ್ಯಾಲ ಬರಬ್ಯಾಡವ್ವ, ಈ ಸಣ್ಣ ಕಲ್ಲಿನ ಫುಟ್‌ಪಾತು ಮಳಿ ಬಿದ್ರ ಸಾಬೂನಿನಂಗ ಜಾರ್ತದ, ತಮ್ಮನ್ನ ಕರ್ಕೊಂಡು ಹೋಗಿ ಅಡಿಗೆ ಹಿಡಿತ ಇರೋ ಬೂಟು ತಗೋ, ಈಗಿಂದಾನೇ ಮನಿಯಾಗ ಹಾಕ್ಕೊಂಡು ಅಡ್ಡಾಡು.

ನಿಮ್ಮ ಮಗಳು